ಬಾಯಕ್ಕ ಬಾಯಿ ಮುಚ್ಚಿದ ಭಾನುವಾರ

ಆ ವಾರ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವಳು ಬಾಯಕ್ಕ. ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋದವರು ಬಂದು ಮಲಗುವ ವಾರ್ಡು ಅದು. ಬಾಯಿ ಇಲ್ಲದವರಿಗೆಲ್ಲ ಈ ನರ್ಸಮ್ಮನೇ ಬಾಯಿ ಎಂಬ ಹೊಗಳಿಕೆ ಮುಕ್ಕಾಲು ಪಾಲು, ಇವಳಿದ್ದ ಕಡೆ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ ಎಂಬ ಕುಹಕ ಕಾಲು ಪಾಲು ಸೇರಿ ಹುಟ್ಟಿದ ಹೆಸರು. ಅವಳಿಗೆ ಆ ಮುಕ್ಕಾಲು ಮಾತ್ರ ಕೇಳಿಸುತ್ತಿತ್ತು.

ಹೊಗಳಿದ್ದೇನೂ ಸುಳ್ಳಲ್ಲ. ರೋಗಿ ಸುಮ್ಮನೆ "ಆ... ಆ..." ಎಂದರೆ ಸಾಕು, ಹಾಸಿಗೆ ಒದ್ದೆಯಾಗಿದೆಯೋ, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆಯೋ, ನೋಡಲು ಬಂದ ತಮ್ಮ ಎದ್ದು ತೊಲಗಿದರೆ ಸಾಕಾಗಿದೆಯೋ, ಬಾಯಕ್ಕ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ಅದು ನಿಜವೂ ಆಗಿರುತ್ತಿತ್ತು. ಮನೆಯವರು ಕೈ ಮುಗಿಯುತ್ತಿದ್ದರು. ಹೀಗೆ ವರ್ಷಗಟ್ಟಲೆ ಕೈ ಮುಗಿಸಿಕೊಂಡರೆ ಎಂಥವರಿಗೂ ಸ್ವಲ್ಪ ತಲೆ ತಿರುಗುತ್ತದೆ. ಬಾಯಕ್ಕನಿಗೂ ತಿರುಗಿತ್ತು, ಆದರೆ ಅದು ತಿರುಗಿರುವುದು ಅವಳೊಬ್ಬಳಿಗೇ ಗೊತ್ತಿರಲಿಲ್ಲ.

ವಾರ್ಡಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಬರೀ ತಲೆಯಾಡಿಸಿ ಉತ್ತರ ಕೊಡುವವರನ್ನು ಎರಡು ಕಡೆಯಿಂದ ಕೇಳಬೇಕು. "ನೀರು ಬೇಕಾ?" ಎಂದಾಗ ಹೂಂ ಎಂದು ತಲೆಯಾಡಿಸಿದರೆ, ಸ್ವಲ್ಪ ಬಿಟ್ಟು "ನೀರು ಬೇಡ ತಾನೆ?" ಎಂದೂ ಕೇಳಬೇಕು. ಎರಡಕ್ಕೂ ಹೂಂ ಎಂದರೆ ಆ ಹೂಂ ಲೆಕ್ಕಕ್ಕಿಲ್ಲ. ಮೆದುಳಿಗೆ ಪೆಟ್ಟು ಬಿದ್ದವರು ಸುಸ್ತಿಗೆ, ಸಂಕೋಚಕ್ಕೆ, ಎದುರಿಗಿದ್ದವರು ಒಮ್ಮೆ ಹೋದರೆ ಸಾಕು ಎಂಬ ಆಸೆಗೆ ಎಲ್ಲಕ್ಕೂ ತಲೆಯಾಡಿಸಿಬಿಡುತ್ತಾರೆ. ಹೊಸದಾಗಿ ಬಂದ ನರ್ಸುಗಳಿಗೆ ಇದನ್ನು ಕಲಿಸುತ್ತಿದ್ದವಳು ಬಾಯಕ್ಕನೇ. ಕಲಿಸುತ್ತಿದ್ದಳೇ ಹೊರತು ತಾನು ಮಾಡುತ್ತಿರಲಿಲ್ಲ. "ನಂಗ್ಯಾಕೆ ಅದೆಲ್ಲ? ಮುಖ ನೋಡಿದ್ರೆ ಗೊತ್ತಾಗಲ್ವಾ?" ಎನ್ನುತ್ತಿದ್ದಳು. ಕೈ ಪಳಗದವರು ಹೆದರಿ ಹೆದರಿ ಎರಡು ಸಲ ಕೇಳುತ್ತಾರೆ. ಈ ತಪ್ಪು ಮಾಡಲು ಬಾಯಕ್ಕನಷ್ಟು ಪಳಗಿರಬೇಕು.

ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದವರು ಟೈಲರ್ ಮಾವ. ಬಲಗೈ ಬಿದ್ದುಹೋಗಿತ್ತು, ಬಲಗಾಲು ಕೋಲಿನ ಮಾತು ಕೇಳುವಷ್ಟು ಸುಧಾರಿಸಿತ್ತು, ನಾಲಿಗೆ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ. ಮಾರ್ಕೆಟ್ ಹಿಂದಿನ ಬೀದಿಯಲ್ಲಿ ಅವರ ಬಾಡಿಗೆ ಅಂಗಡಿ. ಅದರ ಹಿಂದೆಯೇ ಒಂದು ಕೋಣೆ, ಅಲ್ಲೇ ವಾಸ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದೊಬ್ಬ ಮಗಳು ಪಕ್ಕದ ಊರಿನ ಶಾಲೆಯೊಂದರಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದಳು. ದಿನ ಬಿಟ್ಟು ದಿನ ಬಸ್ಸು ಹಿಡಿದು ಬಂದು, ಅಪ್ಪನ ಉಗುರು ಕತ್ತರಿಸಿ, ಬೈದು, ಅತ್ತು ಹೋಗುತ್ತಿದ್ದಳು.

ಹಿಂದಿನ ವಾರ ಎಲ್ಲರೂ ಸೇರಿ ಮಾವನ ಮುಂದಿನ ದಾರಿ ಗೊತ್ತುಮಾಡಿದ್ದರು. ಡಾಕ್ಟರು ಹಾಸಿಗೆಯ ಬಳಿ ಬಗ್ಗಿ, "ಯಜಮಾನ್ರೇ, ಮಗಳ ಮನೆಗೆ ಹೋಗ್ತೀರಾ?" ಎಂದು ಕೇಳಿದರು. ಮಾವ ಮಗಳ ಕಡೆ ನೋಡಿದರು. ಆಮೇಲೆ ಬಾಯಕ್ಕನ ಕಡೆ ನೋಡಿದರು. ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಹೊರಡುವಷ್ಟು ಹೊತ್ತು ಬಾಯಕ್ಕ ಬಿಡಬೇಕಲ್ಲ!

"ಹೋಗ್ತಾರಂತೆ ಡಾಕ್ಟ್ರೇ. ಮೊಮ್ಮಕ್ಕಳ ಜೊತೆ ಇರ್ಬೇಕು ಅಂತ ಆಸೆ ಅವರಿಗೆ. ಅಲ್ವಾ ಮಾವ?"

ಮಾವ ತಲೆಯಾಡಿಸಿದರು. ಮಗಳು ಬಾಯಕ್ಕನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡಳು. ಬರುವ ಸೋಮವಾರ ಅಂಗಡಿ ಖಾಲಿ ಮಾಡಿ ಬೀಗದ ಕೈ ಮಾಲೀಕರಿಗೆ ಒಪ್ಪಿಸುವುದು, ಅದೇ ದಿನ ಅಪ್ಪನನ್ನು ಕರೆದುಕೊಂಡು ಹೋಗುವುದು ಎಂದು ಮಾತಾಯಿತು. ಆ ಬೀದಿಯಲ್ಲಿ ಅಂಗಡಿ ಬಿಡುವುದನ್ನೇ ಕಾಯುವವರು ಬೇಕಾದಷ್ಟು ಜನ. ಒಮ್ಮೆ ಬಿಟ್ಟರೆ ಮತ್ತೆ ಕನಸಿನಲ್ಲೂ ಸಿಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಚಹಾ ಹಂಚುವಾಗ ಬಾಯಕ್ಕನ ಗ್ರಹಚಾರ ಕೆಟ್ಟಿತು. ಅವಳು ಲೋಟ ಹಿಡಿದು, "ಮಾವ, ಸಕ್ಕರೆ ಹಾಕ್ಲಾ?" ಎಂದಳು. ಮಾವ ಹೂಂ ಎಂದು ತಲೆಯಾಡಿಸಿದರು. ಹಾಕಿದಳು. ಅಷ್ಟರಲ್ಲಿ ಆಯಮ್ಮ ಪಕ್ಕದ ಹಾಸಿಗೆಯ ಹೊದಿಕೆ ಬದಲಿಸುತ್ತ, ಮಾವನ ಕಡೆ ತಿರುಗಿ, "ನಿಮಗೆ ಸಕ್ಕರೆ ಬೇಡ ತಾನೆ ಅಜ್ಜಾ?" ಎಂದಳು. ಮಾವ ಅದಕ್ಕೂ ಅಷ್ಟೇ ಮರ್ಯಾದೆಯಿಂದ ತಲೆಯಾಡಿಸಿದರು. ಒಂದು ಗುಟುಕು ಕುಡಿದದ್ದೇ ಹುಣಸೆಹಣ್ಣು ಕಚ್ಚಿದವರ ಹಾಗೆ ಮುಖ ಕಿವುಚಿದರು.

ಆಯಮ್ಮ ನಕ್ಕಳು, ಬಾಯಕ್ಕನೂ ನಕ್ಕಳು. ನಗು ಮುಗಿಯುವ ಮೊದಲೇ ಅವಳ ಎದೆ ಧಸಕ್ಕೆಂದಿತು. ಇಷ್ಟು ದಿನವೂ ಮಾವನಿಗೆ ಸಕ್ಕರೆ ಹಾಕಿ ಕುಡಿಸಿದವಳು ಅವಳೇ. ಹಾಸಿಗೆಯ ಅಂಚಿನಲ್ಲಿ ಕುಳಿತು ಕೇಳಿದಳು:

"ಮಾವ, ಮಗಳ ಮನೆಗೆ ಹೋಗ್ತೀರಾ?"

ಹೂಂ.

ಆಯಮ್ಮ ಬಕೆಟ್ ಎತ್ತಿಕೊಂಡು ಹೋಗುವ ತನಕ ಕಾದು ಮತ್ತೆ ಕೇಳಿದಳು. "ಅಂಗಡೀಲೇ ಇರ್ತೀರಾ ಮಾವ? ಎಲ್ಲಿಗೂ ಹೋಗೋದು ಬೇಡ್ವಾ?"

ಹೂಂ. ಅದೇ ತಲೆ, ಅದೇ ಆಟ, ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಈ ಮನುಷ್ಯ ಏನು ಹೇಳಬೇಕೆಂದಿದ್ದರೋ ಏನೋ! ಮೊಮ್ಮಕ್ಕಳಂತೆ, ಆಸೆಯಂತೆ. ಆ ಆಸೆಯನ್ನು ಎಲ್ಲಿಂದ ತಂದಳು ಅವಳು? ಸೋಮವಾರ ಒಬ್ಬರ ಅಂಗಡಿ, ಮನೆ, ಕಸುಬು ಮೂರೂ ಕೈತಪ್ಪಿ ಹೋಗಲಿವೆ, ಅದೂ ಅವಳ ಬಾಯಿಂದ ಹೊರಟ ಒಂದು ಮಾತಿನ ಮೇಲೆ.

ಲೋಟವನ್ನು ಅಲ್ಲೇ ಇಟ್ಟು ನೇರವಾಗಿ ಮೇಟ್ರನ್ ಕೋಣೆಗೆ ಹೋದಳು. ಮೇಟ್ರನ್ ಕೆಟ್ಟವರಲ್ಲ. ಬೆಂಕಿ ಬಿದ್ದ ಕಡೆ ನೀರು ಹಾಕುವುದಷ್ಟೇ ಕೆಲಸ ಎಂದು ನಂಬಿದ್ದ ಹೆಂಗಸು. ಹೊಗೆ ಕಾಣದ ಕಡೆಗೆ ತಲೆ ಹಾಕುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಗಳು ಒಳ್ಳೆಯವಳು. ಅಲ್ಲಿ ಹೊತ್ತುಹೊತ್ತಿಗೆ ಊಟ ಸಿಗುತ್ತೆ, ಬಿದ್ರೆ ಎತ್ತೋರು ಇರ್ತಾರೆ. ಈಗ ನೀನು ಹೋಗಿ ಕೆದಕಿದ್ರೆ ಯಾರಿಗಮ್ಮ ಲಾಭ?"

"ಲಾಭದ ಮಾತಲ್ಲ ಮೇಡಂ. ಅವರು ಹೇಳದ್ದನ್ನ ನಾನು ಹೇಳಿಬಿಟ್ಟಿದ್ದೀನಿ."

"ಎಲ್ಲಾ ವಾರ್ಡಿನ ತರಬೇತಿಗೆ ನಿನ್ನನ್ನೇ ಹಾಕ್ಬೇಕು ಅಂತ ನಾನು ಮೇಲಿನವರ ಹತ್ರ ಬಾಯಿ ಹರ್ಕೊಂಡಿದ್ದೀನಿ. ಈಗ ಹೋಗಿ ಪಾಠ ಹೇಳ್ಕೊಡೋಳೇ ತಪ್ಪಿದಳು ಅಂದ್ರೆ?"

ಆ ಕೆಲಸ ಬಾಯಕ್ಕನಿಗೆ ಬೇಕಿತ್ತು, ತುಂಬಾ ಬೇಕಿತ್ತು. ಆದರೂ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಅಂದ್ರೆ ಅಂದ್ಕೊಳ್ಳಲಿ ಮೇಡಂ. ಅಂಗಡಿ ಬಿಡೋದಾದ್ರೆ ಅವರೇ ಬಿಡಲಿ. ನನ್ನ ಬಾಯಲ್ಲಿ ಬಿಡೋದು ಬೇಡ."

ಮೇಟ್ರನ್ ಕನ್ನಡಕ ಮತ್ತೆ ಮೂಗಿಗೇರಿಸಿಕೊಂಡರು. "ನಾಳೆ ವಾರದ ಕೂಟದಲ್ಲಿ ಎಲ್ಲರ ಮುಂದೆ ಹೇಳು. ಸುತ್ತಿ ಬಳಸಿ ಹೇಳ್ಬೇಡ," ಎಂದಷ್ಟೇ ಅಂದರು.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಬಾಯಕ್ಕನ ಮಗಳು, "ಅಮ್ಮಾ, ನಾಳೆ ಕಾಲೇಜಿಂದ..." ಎಂದು ಶುರುಮಾಡಿದಳು.

"ಲೇಟಾಗಿ ಬರ್ತೀಯ. ಗೆಳತಿ ಮನೆಗೆ ಹೋಗ್ಬೇಕು. ಹೋಗು," ಎಂದಳು ಬಾಯಕ್ಕ, ಬಡಿಸುತ್ತಲೇ.

"ನಾನಿನ್ನೂ ಹೇಳೇ ಇಲ್ಲ! ಬೇಗ ಬರ್ತೀನಿ ಅಂತ ಹೇಳೋಕೆ ಹೊರಟಿದ್ದೆ!" ಮಗಳು ತಟ್ಟೆ ಹಿಡಿದು ಎದ್ದೇ ಹೋದಳು.

ಲಾರಿ ರಿಪೇರಿ ಮಾಡುವ ಗಂಡ ಎಣ್ಣೆ ಕಲೆಯ ಬೆರಳು ನೆಕ್ಕುತ್ತ ನಕ್ಕ. "ಮಗು ಮೇಲೆ ಯಾಕೆ ಸಿಟ್ಟು? ನಿನ್ನ ಮದುವೆ ಆಗ್ತೀನಿ ಅಂತ ನಾನು ಹೇಳಿದ್ನಾ, ಇಲ್ಲಾ ನೀನೇ ಹೇಳ್ಕೊಂಡ್ಯಾ ಅಂತ ಇವತ್ತಿಗೂ ನಂಗೆ ಅನುಮಾನ."

ಬೇರೆ ದಿನವಾಗಿದ್ದರೆ ಸೌಟು ಎತ್ತುತ್ತಿದ್ದಳು. ಅಂದು ಸುಮ್ಮನೆ ಕುಳಿತು ಅವನ ಮುಖ ನೋಡಿದಳು. ಹೆಂಡತಿ ತಿರುಗಿ ಬೈಯದೇ ಇದ್ದದ್ದು ಕಂಡು ಅವನೇ ಗಾಬರಿಯಾಗಿ, "ಹುಷಾರಾಗಿದ್ದೀಯ ತಾನೆ?" ಎಂದು ಹಣೆ ಮುಟ್ಟಿದ.

ಶನಿವಾರದ ಕೂಟ ನಡೆಯುವುದು ಬಟ್ಟೆ ಜೋಡಿಸುವ ಕೋಣೆಯಲ್ಲಿ. ಸುತ್ತ ಮಡಿಸಿಟ್ಟ ಹೊದಿಕೆಗಳು, ಸೋಪಿನ ವಾಸನೆ, ಕೂರಲು ಒಂದೊಂದು ಥರದ ಸ್ಟೂಲುಗಳು. ವಾರದಲ್ಲಿ ತಾವು ಮಾಡಿದ ಒಂದು ಕೆಲಸವನ್ನು ಒಬ್ಬೊಬ್ಬರೂ ಬಿಚ್ಚಿಟ್ಟು, ಏನು ಮಾಡಿದೆ, ಆಗ ಏನಂದುಕೊಂಡಿದ್ದೆ, ಇನ್ನು ಮುಂದೆ ಏನು ಮಾಡುತ್ತೇನೆ ಎಂದು ಹೇಳಬೇಕು. ಇನ್ನೊಬ್ಬರ ಹುಳುಕು ಎತ್ತುವಂತಿಲ್ಲ. ಸಾರಿ ಎಂದು ಹೇಳಿ ಕೂತುಬಿಡುವಂತೆಯೂ ಇಲ್ಲ. ಉಳಿದವರ ಕತೆಗಳು ತಡವರಿಸುತ್ತ, ಬೆವರುತ್ತ ಹೊರಬರುತ್ತಿದ್ದವು. ಬಾಯಕ್ಕನ ಕತೆ ಮಾತ್ರ ಇಸ್ತ್ರಿ ಮಾಡಿದ ಹಾಗೆ ಇರುತ್ತಿತ್ತು. ಕತೆಯ ಕೊನೆಯಲ್ಲಿ ಅವಳೇ ಗೆಲ್ಲುತ್ತಿದ್ದಳು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಅವಳ ಕೈಗೆ ಒಳ್ಳೆಯ ಅಭ್ಯಾಸವಿತ್ತು.

ಅಂದು ಅವಳ ಸರದಿ ಬಂದಾಗ ಆಯಮ್ಮ ಗೋಡೆಗೊರಗಿ ಆರಾಮಾಗಿ ಕಾಲು ಚಾಚಿದಳು. ಕತೆ ಉದ್ದವಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಂದಿನದು ಉದ್ದವಾಗಲಿಲ್ಲ.

"ಟೈಲರ್ ಮಾವ ಮಗಳ ಮನೆಗೆ ಹೋಗ್ತೀನಿ ಅಂತ ಹೇಳಿಲ್ಲ. ನಾನು ಹೇಳಿದ್ದು. ಎರಡು ಕಡೆಯಿಂದ ಕೇಳ್ಲಿಲ್ಲ. ಮರೆತು ಅಲ್ಲ, ಬೇಕಂತ್ಲೇ ಕೇಳ್ಲಿಲ್ಲ. ನನಗೆ ಅದು ಬೇಡ ಅಂದ್ಕೊಂಡಿದ್ದೆ." ಅವಳು ಪಕ್ಕದ ಹೊದಿಕೆಯೊಂದರ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು. "ನಾನು ಅವರಿಗೆ ಸಹಾಯ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ಅವರಿಗೆ ಮಾತು ಹುಡುಕೋಕೆ ಪುರಸೊತ್ತೇ ಕೊಡ್ಲಿಲ್ಲ. ಹೀಗೆ ಇನ್ನೂ ಎಷ್ಟು ಜನರಿಗೆ ಮಾಡಿದ್ದೀನೋ ಗೊತ್ತಿಲ್ಲ."

ಆಯಮ್ಮ ಚಾಚಿದ್ದ ಕಾಲು ಮಡಿಸಿಕೊಂಡಳು. ರೋಗಿಗಳಿಗೆ ಮಾತು ಕಲಿಸಲು ಬರುತ್ತಿದ್ದ ಹುಡುಗಿಯನ್ನು ವಾರ್ಡಿನವರು ಮಾತಿನ ಮೇಡಂ ಎನ್ನುತ್ತಿದ್ದರು. ಮೊದಲು ಬಾಯಿ ತೆರೆದವಳು ಅವಳೇ. "ಮುಂದೆ ಏನು ಮಾಡ್ತೀರಾ ಅಕ್ಕಾ?"

"ನೀನು ಕೇಳು. ಸರಿಯಾಗಿ ಕೇಳು. ಸೋಮವಾರದೊಳಗೆ. ನಾನು ಆ ಕಡೆ ತಲೆ ಹಾಕಲ್ಲ."

"ಹಾಗಾಗಲ್ಲ," ಎಂದಳು ಹುಡುಗಿ. "ನೀವು ಅಲ್ಲೇ ಇರ್ಬೇಕು. ಮಾವ ಮಾತಿಗೆ ಕಷ್ಟವಾದಾಗೆಲ್ಲ ನಿಮ್ಮ ಮುಖ ನೋಡ್ತಾರೆ, ನೀವು ಕೈ ಹಿಡಿದು ದಡ ಸೇರಿಸ್ತೀರಿ ಅಂತ. ನೀವು ಇದ್ದೂ ಸೇರಿಸದೇ ಇದ್ರೆ ಮಾತ್ರ ಅವರು ತಾವೇ ಈಜ್ತಾರೆ. ಒಂದು ಮಾತೂ ಆಡದೆ ಕೂರ್ತೀರಾ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಬಾಯಕ್ಕ ಅತ್ತ ತಿರುಗಿಯೂ ನೋಡಲಿಲ್ಲ. "ಕೂರ್ತೀನಿ," ಎಂದಳು.

ಮಾವನ ಮಗಳಿಗೆ ಫೋನು ಮಾಡುವುದನ್ನೂ ಅವಳು ಇನ್ನೊಬ್ಬರ ತಲೆಗೆ ಕಟ್ಟಲಿಲ್ಲ. ಆ ಕಡೆಯಿಂದ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ. ವಿಷಯ ಕೇಳಿದ್ದೇ ಮಗಳು ಸಿಡಿದಳು.

"ಅಪ್ಪ ಬರ್ತೀನಿ ಅಂದ್ರು ಅಂತ ನೀವೇ ತಾನೆ ಸಿಸ್ಟರ್ ಹೇಳಿದ್ದು? ನಾನು ಕೋಣೆ ಸುಣ್ಣ ಬಳಿಸಿದ್ದೀನಿ! ಮಕ್ಕಳು ಮಂಚ ಕೂಡ ಹಾಕಿಟ್ಟಿದ್ದಾವೆ!"

"ಹೌದಮ್ಮ. ನಾನೇ ಹೇಳಿದ್ದು. ಅವರು ಹೇಳಿರ್ಲಿಲ್ಲ. ತಪ್ಪು ನಂದು."

"ಹಾಗಾದ್ರೆ ನಮ್ಮನೆಗೆ ಬರೋಕೆ ಅಪ್ಪನಿಗೆ ಇಷ್ಟ ಇಲ್ವಾ?"

ಏನಾದರೂ ಸಮಾಧಾನದ ಮಾತು ಹೇಳಿಬಿಡೋಣವೆಂದು ಬಾಯಕ್ಕನ ನಾಲಿಗೆ ತುರಿಸಿತು. "ನಂಗೆ ಗೊತ್ತಿಲ್ಲ," ಎಂದಳು. ಇಷ್ಟು ವರ್ಷದ ಕೆಲಸದಲ್ಲಿ ರೋಗಿಯ ಮನೆಯವರಿಗೆ ಆ ಮಾತನ್ನು ಅವಳು ಹೇಳಿದ್ದೇ ಇಲ್ಲ. ಮಗಳು, "ನಾಳೆ ಬರ್ತೀನಿ," ಎಂದು ಫೋನಿಟ್ಟಳು.

ಭಾನುವಾರ ಬೆಳಿಗ್ಗೆ ಮಾವನನ್ನು ವ್ಯಾಯಾಮದ ಕೋಣೆಗೆ ಕರೆತಂದರು. ಬೆಳಗಿನ ಹೊತ್ತಿನಲ್ಲಿ ಅವರಿಗೆ ಸುಸ್ತು ಕಡಿಮೆ ಎಂದು ಮಾತಿನ ಮೇಡಂ ಹೇಳಿದ್ದಳು. ಮೇಜಿನ ಒಂದು ಕಡೆ ಮಾವ, ಎದುರಿಗೆ ಅವಳು, ಪಕ್ಕದಲ್ಲಿ ಅತ್ತು ಕಣ್ಣು ಊದಿಸಿಕೊಂಡಿದ್ದ ಮಗಳು. ಬಾಯಕ್ಕ ಗೋಡೆಯ ಬದಿಯ ಸ್ಟೂಲಿನ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕುಳಿತಳು. ಕೈ ಬಿಟ್ಟರೆ ಬಾಯಿಯೂ ಬಿಡುತ್ತದೆ ಎಂದು ಅವಳಿಗೆ ಭಯ.

ಮೇಡಂ ಮೇಜಿನ ಮೇಲೆ ಎರಡು ಫೋಟೋ ಇಟ್ಟಳು. ಒಂದರಲ್ಲಿ ಮಗಳ ಮನೆಯ ಜಗಲಿ, ಮೆಟ್ಟಿಲ ಮೇಲೆ ಹಲ್ಲು ಕಿರಿಯುತ್ತಿದ್ದ ಮೊಮ್ಮಕ್ಕಳು. ಇನ್ನೊಂದರಲ್ಲಿ ಅಂಗಡಿ, ಮಗಳು ಸಾಮಾನು ಕಟ್ಟುವ ಮೊದಲು ತೆಗೆದದ್ದು. ಹೊಲಿಗೆ ಯಂತ್ರ, ಗೋಡೆಯ ಉದ್ದಕ್ಕೂ ಕಂಬಿಗೆ ತೂಗುಹಾಕಿದ ಬಟ್ಟೆಗಳು, ಪ್ರತಿಯೊಂದಕ್ಕೂ ಸಿಕ್ಕಿಸಿದ ಗಿರಾಕಿಯ ಹೆಸರಿನ ಒಂದೊಂದು ಚೀಟಿ.

"ಇವತ್ತು ತಲೆಯಾಡ್ಸೋದು ಬೇಡ ಮಾವ," ಎಂದಳು ಮೇಡಂ. "ಅವಸರ ಇಲ್ಲ. ಕೈಯಲ್ಲಿ ತೋರ್ಸಿ. ಎಲ್ಲಿ ಇರ್ಬೇಕು ನಿಮಗೆ?"

ಮಾವ ಫೋಟೋಗಳನ್ನು ನೋಡಿದರು. ಆಮೇಲೆ ಕತ್ತು ತಿರುಗಿಸಿ ಬಾಯಕ್ಕನನ್ನು ನೋಡಿದರು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಾಟಿಸು ತಾಯಿ ಎಂಬ ನೋಟ. ಅವಳ ಹಲ್ಲುಗಳ ನಡುವೆ ನಾಲಿಗೆ ಒದ್ದಾಡಿತು. ಅಂಗಡಿ ಎಂದು ಹೇಳಿಬಿಟ್ಟರೆ ಎಷ್ಟು ಸುಲಭ, ಎಲ್ಲರೂ ಎದ್ದು ಮನೆಗೆ ಹೋಗಬಹುದು. ಅವಳು ಪ್ರೀತಿಯಿಂದಲೇ ಅವರ ಕಣ್ಣನ್ನು ನೋಡಿದಳು, ಆದರೆ ತುಟಿ ಬಿಚ್ಚಲಿಲ್ಲ. ಕಷ್ಟದಲ್ಲಿರುವವರನ್ನು ಹೀಗೆ ನೋಡುತ್ತ ಕೂರುವುದು ಯಾವ ಡ್ಯೂಟಿಗಿಂತಲೂ ಕಷ್ಟ ಎಂದು ಅವಳಿಗೆ ಅನ್ನಿಸಿತು.

ಬಹಳ ಹೊತ್ತಾಯಿತು. ಬಾಯಕ್ಕ ಮಿಸುಕಾಡಲಿಲ್ಲ. ಇನ್ನು ಇವಳಿಂದ ಏನೂ ಬರುವುದಿಲ್ಲ ಎಂದು ಮಾವನಿಗೆ ಖಾತ್ರಿಯಾಗಿರಬೇಕು. ಮೇಜಿನ ಕಡೆ ತಿರುಗಿ, ಎಡಗೈಯನ್ನು ನಿಧಾನವಾಗಿ ಎತ್ತಿ ಅಂಗಡಿಯ ಫೋಟೋ ಮೇಲೆ ಇಟ್ಟರು.

ಮಗಳ ಮುಖ ಕಪ್ಪಿಟ್ಟಿತು. "ಸರಿ ಬಿಡಪ್ಪ. ಗೊತ್ತಾಯ್ತು," ಎಂದು ಚೀಲ ಹೆಗಲಿಗೇರಿಸಿಕೊಂಡು ಎದ್ದಳು. ಮೇಡಂ ಫೋಟೋಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿದಳು. ಕೈ ಮತ್ತೆ ಅಂಗಡಿಯನ್ನೇ ಹುಡುಕಿಕೊಂಡು ಹೋಯಿತು. ಇನ್ನೊಂದು ಸಲವೂ ಅಷ್ಟೇ. ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಮೇಡಂ ನಿಟ್ಟುಸಿರು ಬಿಟ್ಟು ಫೋಟೋ ಎತ್ತಿಕೊಳ್ಳಲು ಕೈ ಚಾಚಿದಳು. ಬಾಯಕ್ಕನಿಗೆ ಎದೆಯ ಭಾರ ಇಳಿದಂತಾಯಿತು. ಸದ್ಯ, ಅಂಗಡಿ ಉಳಿಯಿತು.

ಆದರೆ ಮಾವನ ಕೈ ಫೋಟೋ ಬಿಟ್ಟಿರಲಿಲ್ಲ. ಗಂಟಲಿನ ನರ ಎದ್ದಿತ್ತು, ತುಟಿ ಒಳಗೊಳಗೇ ಏನನ್ನೋ ಮಸೆಯುತ್ತಿತ್ತು. ಮೇಡಂ ನೋಡುತ್ತಿದ್ದುದು ಕೈಯನ್ನು, ಮಗಳು ನೋಡುತ್ತಿದ್ದುದು ಬಾಗಿಲನ್ನು. ಆ ಗಂಟಲನ್ನು ಕಂಡವಳು ಬಾಯಕ್ಕ ಒಬ್ಬಳೇ. ಕೊಟ್ಟ ಮಾತು ಮುರಿದು ಅವಳು ಬಾಯಿ ತೆರೆದಳು.

"ಇರಿ. ಅವರದ್ದು ಇನ್ನೂ ಮುಗಿದಿಲ್ಲ."

ಮೇಡಂ ಚಾಚಿದ ಕೈ ಹಿಂದಕ್ಕೆ ತೆಗೆದಳು. ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದ ಸದ್ದಾಯಿತು. ಮಾವನ ಹಣೆಯಲ್ಲಿ ಬೆವರು ಮೂಡಿತು.

"ಬ..." ಎಂದರು. ನಿಂತಿತು. ಮತ್ತೆ ಹಿಡಿದರು. "ಬಟ್ಟೆ."

ಅವರ ತೋರುಬೆರಳು ಫೋಟೋದ ಕಂಬಿಯ ಉದ್ದಕ್ಕೂ ಜಾರಿತು. ಒಂದೊಂದು ಬಟ್ಟೆಯ ಮೇಲೂ ನಿಂತು, ಮುಂದಕ್ಕೆ ಹೋಯಿತು.

"ಬಟ್ಟೆ... ಅವರದು."

ಮಗಳು ಚೀಲ ಕೆಳಗಿಟ್ಟಳು. "ಆ ಬಟ್ಟೆ ಎಲ್ಲಾ ಮೂಟೆ ಕಟ್ಟಿಟ್ಟಿದ್ದೀನಪ್ಪ. ಅರ್ಧಂಬರ್ಧ ಹೊಲಿದಿದ್ದು, ಯಾರು ಹುಡ್ಕೊಂಡು ಬರ್ತಾರೆ? ನಾಳೆ ಹಳೇ ಬಟ್ಟೆಯವರು ಬಂದು..."

ಮಾವ ಎಡಗೈಯಿಂದ ಮೇಜಿಗೆ ಬಡಿದರು. ಅಷ್ಟು ಸಿಟ್ಟನ್ನು ಆ ವಾರ್ಡಿನಲ್ಲಿ ಯಾರೂ ಕಂಡಿರಲಿಲ್ಲ. ಕಣ್ಣು ತುಂಬಿ ಬಂದಿತ್ತು. ಮಗಳು ಬೆಚ್ಚಿ, ಕಲಿತ ಅಭ್ಯಾಸದಂತೆ, ಗೋಡೆಯ ಬದಿಗೆ ತಿರುಗಿದಳು.

"ಏನಂತಾರೆ ಸಿಸ್ಟರ್? ಅಪ್ಪ ಏನಂತಿದ್ದಾರೆ?"

ಬಾಯಕ್ಕನಿಗೆ ಎಲ್ಲ ತಿಳಿದಂತಿತ್ತು. ಬಾಯಿಯ ತುದಿಗೇ ಬಂದು ನಿಂತಿತ್ತು, ಇಡೀ ವಾಕ್ಯ, ಮಡಿಕೆ ಮುರಿಯದ ಹಾಗೆ. ಅವಳು ಅದನ್ನು ನುಂಗಿಕೊಂಡಳು.

"ನಂಗೊತ್ತಿಲ್ಲಮ್ಮ. ಅವರನ್ನೇ ಕೇಳು."

ಮಗಳು ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಮಂಡಿಗೆ ಮಂಡಿ ತಾಗುವಂತೆ ಕುಳಿತಳು. ಬೈಯಲಿಲ್ಲ, ಅಳಲಿಲ್ಲ, ಅವಸರ ಮಾಡಲಿಲ್ಲ. "ಹೇಳಪ್ಪ," ಎಂದು ಸುಮ್ಮನಾದಳು.

ಮಾವ ಉಸಿರೆಳೆದುಕೊಂಡರು. ಬೆರಳು ಬಟ್ಟೆಗಳ ಮೇಲಿಂದ ಎದ್ದು, ಮೇಜಿನ ಮೇಲೆ ತೆವಳಿ, ಮೊಮ್ಮಕ್ಕಳು ಕುಳಿತ ಮೆಟ್ಟಿಲಿನ ಮೇಲೆ ಹೋಗಿ ನಿಂತಿತು.

"ಕೊಟ್ಟು," ಎಂದರು. ಬಹಳ ಹೊತ್ತು ಹುಡುಕಿದರು. ಮೂವರು ಹೆಂಗಸರೂ ಕಾದರು.

"ಕೊಟ್ಟು... ಬರ್ತೀನಿ."